ಒಂದೇ ಮೈಕಿನ ಹಳೆಯ ಕಛೇರಿಗೆ ಸ್ಟೀರಿಯೋ ಹರವು ಕೊಡುವುದು ಹೇಗೆ

ಕ್ಯಾಸೆಟ್ಟಿನ ಕಾಲದಲ್ಲಿ ರಾಮೋತ್ಸವದ ಪೆಂಡಾಲಿನ ಸಂಗೀತ, ದೇವಸ್ಥಾನದ ಹರಿಕಥೆ, ಇಡೀ ರಾತ್ರಿಯ ತಾಳಮದ್ದಲೆ, ಮದುವೆ ಮನೆಯ ಸೋಬಾನೆ ಪದ ಎಲ್ಲವೂ ಟೇಪ್ ರೆಕಾರ್ಡರಿನ ಒಂದೇ ಮೈಕಿಗೆ ಬಿದ್ದಿವೆ. ಇಂಥ ಧ್ವನಿಯನ್ನು ಇವತ್ತು ಹೆಡ್‌ಫೋನಿನಲ್ಲಿ ಕೇಳಿದರೆ ಹಾಡುಗಾರರು, ಪಿಟೀಲು, ಮೃದಂಗ, ತಂಬೂರಿ ಎಲ್ಲರೂ ತಲೆಯ ನಟ್ಟನಡುವೆ ಒಂದೇ ಬಿಂದುವಿನಲ್ಲಿ ಒತ್ತಿಕೊಂಡು ಕೂತಂತೆ ಕೇಳುತ್ತದೆ. ಅರ್ಧ ಗಂಟೆಯೊಳಗೆ ಕಿವಿ ದಣಿಯುತ್ತದೆ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶವೊಂದಿದ್ದರೆ ಈ ಇಕ್ಕಟ್ಟನ್ನು ಬಹಳಷ್ಟು ಸಡಿಲಿಸಬಹುದು.

ಮೊದಲೇ ಒಂದು ಮಾತು. ಒಂದು ಮೈಕು ಯಾರು ಎಡಕ್ಕೆ ಕೂತಿದ್ದರು, ಯಾರು ಬಲಕ್ಕೆ ಎಂಬುದನ್ನು ದಾಖಲಿಸಿಕೊಂಡಿರುವುದಿಲ್ಲ. ಆದ್ದರಿಂದ ನಾವು ಮಾಡುವುದು ಹುಸಿ ಸ್ಟೀರಿಯೋ. ಕಳೆದುಹೋದ ವೇದಿಕೆ ಇದರಿಂದ ಮರಳಿ ಬರುವುದಿಲ್ಲ, ಧ್ವನಿಯ ಸುತ್ತ ಒಂದಿಷ್ಟು ಗಾಳಿ ಬರುತ್ತದೆ. ಹಾಡುವ ಕಂಠವನ್ನು ಮುಟ್ಟದೆ ಅದರ ಸುತ್ತಲಿನ ಆವರಣವನ್ನು ಮಾತ್ರ ಅಗಲಿಸುವುದು ಒಳ್ಳೆಯ ಕೆಲಸದ ಲಕ್ಷಣ. ಕೆಳಗಿನ ಎಲ್ಲ ಹೆಜ್ಜೆಗಳೂ ಇದೇ ನಂಬಿಕೆಯ ಮೇಲೆ ನಿಂತಿವೆ.

ಕಿವಿಗೆ ಅಗಲ ತಿಳಿಯುವುದು ಹೇಗೆ

ಎಡದಿಂದ ಬಂದ ಸದ್ದು ಎಡಗಿವಿಗೆ ಮೊದಲು ತಲುಪುತ್ತದೆ, ಬಲಗಿವಿಗೆ ಹೆಚ್ಚೆಂದರೆ 0.6 ರಿಂದ 0.7 ಮಿಲಿಸೆಕೆಂಡ್ ತಡವಾಗಿ. ಸುಮಾರು 1500 ಹರ್ಟ್ಸ್‌ಗಿಂತ ಮೇಲಿನ ಸದ್ದಿಗೆ ತಲೆಯೇ ಅಡ್ಡ ಬರುವುದರಿಂದ ದೂರದ ಕಿವಿಗೆ ಅದು ಕುಗ್ಗಿಯೂ ಕೇಳುತ್ತದೆ. ಇದರ ಜೊತೆಗೆ ಗೋಡೆ, ಚಾವಣಿಗಳಿಂದ ಮರಳುವ ಸದ್ದು ಎರಡೂ ಕಿವಿಗೆ ಬೇರೆಬೇರೆ ರೂಪದಲ್ಲಿ ಬರುತ್ತದೆ. ದೊಡ್ಡ ಸಭಾಂಗಣದಲ್ಲಿ ಕೂತ ಅನುಭವ ಮುಖ್ಯವಾಗಿ ಈ ಕೊನೆಯದರಿಂದ ಬರುವಂಥದ್ದು.

ಮೋನೋದಲ್ಲಿ, ಅಂದರೆ ಇಂಥ ಒಂದೇ ಮೈಕಿನ ಧ್ವನಿಯಲ್ಲಿ, ಎರಡೂ ಕಿವಿಗೆ ಬರುವುದು ತದ್ರೂಪು ಸದ್ದು. ಆದ್ದರಿಂದ ಇದ್ದ ವ್ಯತ್ಯಾಸವನ್ನು ಹಿಗ್ಗಿಸುವ ಸ್ಟೀರಿಯೋ ವೈಡನರ್‌ಗಳು ಇಲ್ಲಿ ನಿರುಪಯೋಗಿ. ವ್ಯತ್ಯಾಸ ಸೊನ್ನೆಯಾಗಿದ್ದಾಗ ಅದನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಪ್ಲೇಯರಿನ ಗುಂಡಿ ಒತ್ತಿದರೂ ಏನೂ ಬದಲಾಗಲಿಲ್ಲ ಎಂದು ಬೇಸರಿಸುವವರಿಗೆ ಉತ್ತರ ಇದು. ನಾವು ಮೊದಲು ವ್ಯತ್ಯಾಸವನ್ನೇ ಹುಟ್ಟಿಸಬೇಕು.

ಈ ದಾರಿ ಹಳೆಯದು. ಬ್ರಿಟನ್ನಿನ ಅಲನ್ ಬ್ಲಮ್‌ಲೈನ್ ಸ್ಟೀರಿಯೋ ಧ್ವನಿಮುದ್ರಣದ ಪೇಟೆಂಟಿಗೆ ಅರ್ಜಿ ಹಾಕಿದ್ದು 1931ರಲ್ಲಿ. 1950ರ ದಶಕದ ಕೊನೆಗೆ ಸ್ಟೀರಿಯೋ ಎಲ್‌ಪಿಗಳು ಅಂಗಡಿಗೆ ಬಂದಾಗ ರೆಕಾರ್ಡ್ ಕಂಪನಿಗಳ ಬಳಿ ರಾಶಿ ರಾಶಿ ಮೋನೋ ಸಂಗ್ರಹವಿತ್ತು. ಅಮೆರಿಕದ ಕ್ಯಾಪಿಟಲ್ ಸಂಸ್ಥೆ 1961ರಲ್ಲಿ ಡ್ಯುಓಫೋನಿಕ್ ಎಂಬ ಹೆಸರಿನಲ್ಲಿ ಮೋನೋ ಧ್ವನಿಯನ್ನು ಸೀಳಿ, ಮಂದ್ರವನ್ನು ಒಂದು ಬದಿಗೆ, ತಾರವನ್ನು ಇನ್ನೊಂದು ಬದಿಗೆ ಹಾಕಿ, ನಡುವೆ ತುಸು ಕಾಲದ ಅಂತರವಿಟ್ಟು ಮಾರಿತು. ಅವುಗಳಲ್ಲಿ ಹಲವು ಇಂದು ಕೇಳಲು ಕಷ್ಟ. ಹಾಡುವವರ ಧ್ವನಿಯೇ ಹರಿದು ಎರಡಾಗಿರುತ್ತದೆ. ಡೆನ್ಮಾರ್ಕಿನ ರೇಡಿಯೋ ಎಂಜಿನಿಯರ್ ಹೋಲ್ಗರ್ ಲಾರಿಡ್ಸನ್ 1954ರಲ್ಲಿ ತೋರಿಸಿದ ಉಪಾಯ ಇದಕ್ಕಿಂತ ಬಹಳ ಜಾಣತನದ್ದು. ನಾವು ಹಿಡಿಯುವುದು ಅದನ್ನೇ.

ಅಗಲಿಸುವ ಮುನ್ನ ಶುಚಿ ಮಾಡಿ

ಮೂಲ ಫೈಲಿನ ಒಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಇಟ್ಟುಬಿಡಿ, ಅದನ್ನು ಮುಟ್ಟಬೇಡಿ. ಕೆಲಸಕ್ಕೆ ಇನ್ನೊಂದು ಪ್ರತಿ ತೆರೆಯಿರಿ.

ಆಡಾಸಿಟಿಯಲ್ಲಿ ಎರಡು ಅಲೆಗಳು ಕಂಡರೂ ಧ್ವನಿ ಮೋನೋ ಆಗಿರಬಹುದು. ಪರೀಕ್ಷಿಸಲು ಟ್ರ್ಯಾಕಿನ ಮೆನುವಿನಿಂದ ಸ್ಪ್ಲಿಟ್ ಸ್ಟೀರಿಯೋ ಟು ಮೋನೋ ಆರಿಸಿ, ಎರಡರಲ್ಲಿ ಒಂದಕ್ಕೆ ಅಲೆಯನ್ನು ತಲೆಕೆಳಗು ಮಾಡುವ ಇನ್ವರ್ಟ್ ಎಫೆಕ್ಟ್ ಹಾಕಿ, ಒಟ್ಟಿಗೆ ನುಡಿಸಿ. ಪೂರ್ತಿ ನಿಶ್ಶಬ್ದವಾದರೆ ಎರಡೂ ತದ್ರೂಪು ಎಂದರ್ಥ. ಕ್ಯಾಸೆಟ್ಟಿನಿಂದ ಬಂದದ್ದಾದರೆ ಬಹುಶಃ ಸಂಗೀತ ಮಾಯವಾಗಿ ಬರೀ ಹಿಸ್ ಸದ್ದು ಉಳಿಯುತ್ತದೆ. ಎರಡು ಚಾನೆಲ್ಲಿನ ಹಿಸ್ ಬೇರೆಬೇರೆಯಾಗಿರುವುದೇ ಇದಕ್ಕೆ ಕಾರಣ, ಇದರಿಂದ ಒಂದು ಲಾಭವೂ ಉಂಟು. ಇನ್ವರ್ಟ್ ರದ್ದು ಮಾಡಿ ಎರಡನ್ನೂ ಸರಾಸರಿ ಮಾಡಿದರೆ ಸಂಗೀತ ಹಾಗೇ ಉಳಿದು ಹಿಸ್ ಸುಮಾರು 3 ಡೆಸಿಬೆಲ್ ತಗ್ಗುತ್ತದೆ. ಆದರೆ ಡೆಕ್ಕಿನ ಹೆಡ್ಡು ತುಸು ಓರೆಯಾಗಿದ್ದರೆ ಎರಡು ಚಾನೆಲ್ಲುಗಳ ನಡುವೆ ಸೂಕ್ಷ್ಮ ಕಾಲವ್ಯತ್ಯಾಸವಿದ್ದು, ಕೂಡಿಸಿದಾಗ ಕಂಠದ ಮೊನಚು, ತಾಳದ ಕಿಣಿ ಮಂಕಾಗುತ್ತವೆ. ಹಾಗಾದರೆ ಕೂಡಿಸಬೇಡಿ, ಚೆನ್ನಾಗಿರುವ ಒಂದು ಚಾನೆಲ್ಲನ್ನು ಉಳಿಸಿಕೊಂಡು ಇನ್ನೊಂದನ್ನು ಅಳಿಸಿ. 78 ಆರ್‌ಪಿಎಂ ತಟ್ಟೆಯನ್ನು ಸ್ಟೀರಿಯೋ ಕಾರ್ಟ್ರಿಜ್‌ನಿಂದ ನುಡಿಸಿದ್ದರೆ ಸಾಮಾನ್ಯವಾಗಿ ಕೂಡಿಸುವುದೇ ಲೇಸು. ಅಂಥ ತಟ್ಟೆಗಳಲ್ಲಿ ಸಂಗೀತ ಅಡ್ಡಡ್ಡ ಕೊರೆದಿರುತ್ತದೆ, ಕೂಡಿಸಿದಾಗ ಮುಳ್ಳಿನ ಮೇಲೆಕೆಳಗಿನ ಕುಲುಕಾಟದ ಸದ್ದು ಅಳಿಯುತ್ತದೆ.

ಇನ್ನು ಶುದ್ಧಿ. ನಮ್ಮ ವಿದ್ಯುತ್ತಿನ ಗುಂಯ್ ಸದ್ದು 50 ಹರ್ಟ್ಸ್‌ನಲ್ಲೂ ಅದರ ಗುಣಕಗಳಾದ 100, 150ರಲ್ಲೂ ಇರುತ್ತದೆ. ಕಂಠ ಮಾತ್ರವಿರುವ ಹರಿಕಥೆಯಾದರೆ ಕೆಳಗಿನ ಸದ್ದನ್ನು ತಡೆಯುವ ಹೈ ಪಾಸ್ ಫಿಲ್ಟರನ್ನು 80 ಹರ್ಟ್ಸ್‌ಗೆ ಇಡಿ. ಮೃದಂಗವಿದ್ದರೆ ಅಷ್ಟು ಮೇಲೆ ಹೋಗಬೇಡಿ, ಎಡಮುಖದ ಗುಂಕಾರವೇ ಹೋದೀತು. ಹಿಸ್ ತೆಗೆಯಲು ಹಾಡು ಶುರುವಾಗುವ ಮುಂಚಿನ ಎರಡು ಸೆಕೆಂಡಿನ ಖಾಲಿ ಜಾಗ ಆರಿಸಿ, ನಾಯ್ಸ್ ರಿಡಕ್ಷನ್‌ನಲ್ಲಿ ಪ್ರೊಫೈಲ್ ಪಡೆದು, ಇಡೀ ಟ್ರ್ಯಾಕಿಗೆ 6 ರಿಂದ 9 ಡೆಸಿಬೆಲ್ ಮಾತ್ರ ಹಾಕಿ. 20 ಹಾಕಿದರೆ ಹಿಸ್ ಪೂರ್ತಿ ಹೋಗುತ್ತದೆ, ಜೊತೆಗೆ ತಂಬೂರಿಯ ಜೀವವೂ ಹೋಗುತ್ತದೆ, ಕಂಠ ನೀರೊಳಗಿಂದ ಬಂದಂತಾಗುತ್ತದೆ. ಈ ಕೆಲಸ ಅಗಲಿಸುವುದಕ್ಕಿಂತ ಮೊದಲೇ ಆಗಬೇಕು. ನಂತರ ಮಾಡಹೊರಟರೆ ಹಿಸ್ ಕೂಡ ಎರಡೂ ಬದಿಗೆ ಹರಡಿಕೊಂಡಿರುತ್ತದೆ.

ಮುಖ್ಯ ಕೆಲಸ: ಮೂರು ಟ್ರ್ಯಾಕ್

ಲಾರಿಡ್ಸನ್ ಉಪಾಯದ ತಿರುಳು ಸರಳ. ಮೂಲ ಧ್ವನಿ ನಡುವೆ ಇರುತ್ತದೆ. ಅದರದೇ ತಡವಾದ ಪ್ರತಿಯನ್ನು ಎಡ ಚಾನೆಲ್ಲಿಗೆ ಕೂಡಿಸುತ್ತೇವೆ, ಬಲ ಚಾನೆಲ್ಲಿನಿಂದ ಕಳೆಯುತ್ತೇವೆ. ಯಾರಾದರೂ ಎರಡೂ ಚಾನೆಲ್ಲನ್ನು ಸೇರಿಸಿ ಮೋನೋದಲ್ಲಿ ಕೇಳಿದರೆ ಕೂಡಿದ್ದೂ ಕಳೆದದ್ದೂ ಒಂದನ್ನೊಂದು ಅಳಿಸಿ, ಮೂಲ ಧ್ವನಿ ಕಳಂಕವಿಲ್ಲದೆ ಮರಳುತ್ತದೆ. ಈ ಗುಣವೊಂದಕ್ಕಾಗಿಯೇ ನಾನು ಇದನ್ನು ಉಳಿದೆಲ್ಲ ವಿಧಾನಗಳಿಗಿಂತ ಮೇಲೆ ಇಡುತ್ತೇನೆ. ಹಳೆಯ ಧ್ವನಿಗೆ ನಾವು ಏನು ಸೇರಿಸಿದರೂ ಅದು ಬೇಡವೆಂದವರಿಗೆ ಮರಳಿ ಬಿಟ್ಟುಕೊಡುವಂತಿರಬೇಕು.

1. ಶುಚಿಯಾದ ಮೋನೋ ಟ್ರ್ಯಾಕಿಗೆ ‘ಮೂಲ’ ಎಂದು ಹೆಸರಿಡಿ. ಇಡೀ ಟ್ರ್ಯಾಕನ್ನು ಆರಿಸಿ ಕಂಟ್ರೋಲ್ ಮತ್ತು ಡಿ ಒತ್ತಿದರೆ ಪ್ರತಿಯೊಂದು ಹುಟ್ಟುತ್ತದೆ. ಅದು ‘ಬದಿ’.

2. ‘ಬದಿ’ ಟ್ರ್ಯಾಕಿನೊಳಗೆ ಒಮ್ಮೆ ಕ್ಲಿಕ್ ಮಾಡಿ, ಹೋಮ್ ಕೀಲಿ ಒತ್ತಿ ಆರಂಭಕ್ಕೆ ಹೋಗಿ. ಜನರೇಟ್ ಮೆನುವಿನಿಂದ ಸೈಲೆನ್ಸ್ ಆರಿಸಿ 0.015 ಸೆಕೆಂಡ್, ಅಂದರೆ 15 ಮಿಲಿಸೆಕೆಂಡ್ ಕೊಡಿ. ‘ಬದಿ’ ಅಷ್ಟು ಹಿಂದೆ ಸರಿಯುತ್ತದೆ.

3. ‘ಬದಿ’ಗೆ ಮಾತ್ರ 250 ಹರ್ಟ್ಸ್‌ನ ಹೈ ಪಾಸ್ ಫಿಲ್ಟರ್ ಹಾಕಿ. ಮಂದ್ರ ನಾದ ನಡುವೆಯೇ ಗಟ್ಟಿಯಾಗಿ ನಿಲ್ಲಬೇಕು, ಅದು ಬದಿಗಳಿಗೆ ಹರಡಿದರೆ ಹೆಡ್‌ಫೋನಿನಲ್ಲಿ ಕಿವಿ ಹಿಂಡಿದಂತಾಗುತ್ತದೆ. ಕ್ಯಾಸೆಟ್ಟಿನ ಹಿಸ್ ಇನ್ನೂ ಉಳಿದಿದ್ದರೆ 7000 ಹರ್ಟ್ಸ್ ಆಸುಪಾಸಿಗೆ ಮೇಲಿನ ಸದ್ದನ್ನು ತಡೆಯುವ ಲೋ ಪಾಸ್ ಫಿಲ್ಟರನ್ನೂ ಹಾಕಿ.

4. ಈಗ ‘ಬದಿ’ಯ ಪ್ರತಿ ಮಾಡಿ, ಅದಕ್ಕೆ ‘ತಿರುವು’ ಎಂದು ಹೆಸರಿಟ್ಟು ಇನ್ವರ್ಟ್ ಎಫೆಕ್ಟ್ ಹಾಕಿ. ಫಿಲ್ಟರುಗಳೆಲ್ಲ ಇದಕ್ಕೆ ಮೊದಲೇ ಮುಗಿದಿರಬೇಕು. ಎರಡು ಪ್ರತಿಗಳು ಕೂದಲಷ್ಟು ಬೇರೆಯಾದರೂ ಮೋನೋದಲ್ಲಿ ಅಳಿಯುವುದಿಲ್ಲ.

5. ಟ್ರ್ಯಾಕಿನ ಎಡಬದಿಯ ಫಲಕದಲ್ಲಿ ಸದ್ದನ್ನು ಎಡಬಲಕ್ಕೆ ಸರಿಸುವ ಪ್ಯಾನ್ ಸ್ಲೈಡರ್ ಇದೆ. ‘ಮೂಲ’ ನಡುವೆ, ‘ಬದಿ’ ಪೂರ್ತಿ ಎಡಕ್ಕೆ, ‘ತಿರುವು’ ಪೂರ್ತಿ ಬಲಕ್ಕೆ.

6. ‘ಬದಿ’ ಮತ್ತು ‘ತಿರುವು’ ಎರಡರ ಗೇನನ್ನೂ (ಸದ್ದಿನ ಮಟ್ಟವನ್ನು) ಸಮವಾಗಿ ಮೈನಸ್ 10 ಡೆಸಿಬೆಲ್‌ಗೆ ಇಳಿಸಿ ಕೇಳಲು ಶುರುಮಾಡಿ. ಮೂರೂ ಸೇರಿದಾಗ ಮಟ್ಟ ಏರುವುದರಿಂದ ಮೀಟರ್ ಕೆಂಪಾಗುತ್ತಿದ್ದರೆ ಮೂರನ್ನೂ ಒಂದೇ ಪ್ರಮಾಣದಲ್ಲಿ 3 ಅಥವಾ 4 ಡೆಸಿಬೆಲ್ ತಗ್ಗಿಸಿ.

ಈಗ ಏನಾಗಿದೆ? 15 ಮಿಲಿಸೆಕೆಂಡ್ ಅಂತರದಲ್ಲಿ ಸುಮಾರು ಪ್ರತಿ 67 ಹರ್ಟ್ಸ್‌ಗೊಮ್ಮೆ ಎಡ ಚಾನೆಲ್ ಏರುತ್ತದೆ, ಅದೇ ಜಾಗದಲ್ಲಿ ಬಲ ಇಳಿಯುತ್ತದೆ, ನಡುವಿನ ಜಾಗಗಳಲ್ಲಿ ಅದಲುಬದಲು. ಬಾಚಣಿಗೆಯ ಹಲ್ಲಿನ ಸಂದಿನಲ್ಲಿ ಇನ್ನೊಂದು ಬಾಚಣಿಗೆಯ ಹಲ್ಲು ಕೂತಂತೆ ಎರಡು ಚಾನೆಲ್ಲುಗಳು ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ಮೈನಸ್ 10ರಲ್ಲಿ ಎಡಬಲಗಳ ವ್ಯತ್ಯಾಸ ಅತಿ ಹೆಚ್ಚೆಂದರೆ 6 ಡೆಸಿಬೆಲ್ ಹತ್ತಿರ, ಮೈನಸ್ 6ಕ್ಕೆ ಏರಿಸಿದರೆ ಒಂಬತ್ತೂವರೆ. ಅದಕ್ಕಿಂತ ಮೇಲೆ ಹೋಗುವ ಅಗತ್ಯ ಬೀಳುವುದು ಅಪರೂಪ.

ಸಂಗೀತದ ಜಾತಿ ನೋಡಿ ಅಂತರವನ್ನು ಬದಲಿಸಿ. ವೀಣೆ, ಕೊಳಲು, ಆಲಾಪನೆಗಳಿಗೆ 20 ರಿಂದ 25 ಮಿಲಿಸೆಕೆಂಡ್ ಹಿತ. ಚೆಂಡೆ, ಮೃದಂಗದ ಬಿರುಸಾದ ಪೆಟ್ಟುಗಳಿದ್ದಲ್ಲಿ ಅಷ್ಟು ಇಟ್ಟರೆ ಪ್ರತಿ ಪೆಟ್ಟಿಗೂ ಬಾಲ ಹುಟ್ಟಿದಂತಾಗುತ್ತದೆ, 8 ರಿಂದ 12ಕ್ಕೆ ಇಳಿಸಿ. ಮಾತೇ ಪ್ರಧಾನವಾದ ತಾಳಮದ್ದಲೆಯ ಅರ್ಥಗಾರಿಕೆಗೆ ‘ಬದಿ’ಯ ಗೇನನ್ನು ಮೈನಸ್ 14ರ ಸುತ್ತ ಇಡಿ, ಮಾತಿನ ಸ್ಪಷ್ಟತೆಗಿಂತ ದೊಡ್ಡದು ಅಲ್ಲಿ ಯಾವುದೂ ಇಲ್ಲ.

ತಂಬೂರಿಯ ವಿಷಯದಲ್ಲಿ ಎಚ್ಚರ ಬೇಕು. ಬಿಳಿ ಒಂದರ ಶ್ರುತಿಯಲ್ಲಿ ಷಡ್ಜ ಸುಮಾರು 131 ಹರ್ಟ್ಸ್, ಪಂಚಮ 196. ಇವೆರಡೂ 67ರ ಎರಡು ಪಟ್ಟು, ಮೂರು ಪಟ್ಟಿನ ಹತ್ತಿರವೇ ಇವೆ. ಹೀಗೆ ಶ್ರುತಿಯೂ ಕಾಲದ ಅಂತರವೂ ಹೊಂದಿಕೊಂಡುಬಿಟ್ಟರೆ ಎಡೆಬಿಡದೆ ನುಡಿಯುವ ತಂಬೂರಿ ಒಂದೇ ಬದಿಗೆ ವಾಲಬಹುದು. ಕಣ್ಣು ಮುಚ್ಚಿ ಶ್ರುತಿಯನ್ನಷ್ಟೇ ಕೇಳಿ. ವಾಲಿದ್ದರೆ ಅಂತರವನ್ನು ಒಂದೆರಡು ಮಿಲಿಸೆಕೆಂಡ್ ಅತ್ತಿತ್ತ ಮಾಡಿ ಮತ್ತೆ ಕೇಳಿ.

ಇನ್ನೂ ಸಹಜವಾಗಬೇಕೆಂದರೆ

ಬರೀ ತಡವಾದ ಪ್ರತಿಯಲ್ಲಿ ಒಂದು ಬಗೆಯ ಲೋಹದ ಛಾಯೆ ಇರುತ್ತದೆ. ಅದು ನಿಮ್ಮ ಕಿವಿಗೆ ಚುಚ್ಚಿದರೆ ಎರಡನೇ ಹೆಜ್ಜೆಯಲ್ಲಿ ಬದಲಾವಣೆ ಮಾಡಿ. ‘ಬದಿ’ಗೆ ನಿಶ್ಶಬ್ದ ಸೇರಿಸುವ ಬದಲು ಮರುದನಿ ಕೊಡುವ ರಿವರ್ಬ್ ಎಫೆಕ್ಟ್ ತೆರೆದು, ಮರುದನಿ ಮಾತ್ರ ಉಳಿಯುವಂತೆ ವೆಟ್ ಓನ್ಲಿ ಗುರುತು ಹಾಕಿ, ಪ್ರೀ ಡಿಲೇ 10 ಮಿಲಿಸೆಕೆಂಡ್, ರೂಮ್ ಸೈಜ್ 40, ರಿವರ್ಬರೆನ್ಸ್ 30, ಡ್ಯಾಂಪಿಂಗ್ 50ರ ಆಸುಪಾಸಿನಲ್ಲಿ ಇಡಿ. ಮುಂದಿನ ಫಿಲ್ಟರು, ಪ್ರತಿ, ಇನ್ವರ್ಟ್, ಪ್ಯಾನ್ ಎಲ್ಲ ಹಿಂದಿನಂತೆಯೇ. ಒಂದು ತಡದ ಜಾಗದಲ್ಲಿ ಈಗ ನೂರಾರು ಸಣ್ಣ ಮರುದನಿಗಳಿರುವುದರಿಂದ ಬಾಚಣಿಗೆಯ ಏರಿಳಿತ ಕ್ರಮ ತಪ್ಪಿ ಚದುರುತ್ತದೆ, ಕಿವಿಗೆ ಅದು ಕೋಣೆಯಂತೆ ಕೇಳುತ್ತದೆ. ಮೋನೋದಲ್ಲಿ ಈ ಕೋಣೆಯೂ ಪೂರ್ತಿ ಮಾಯವಾಗುತ್ತದೆ. ಏಕಚಾನೆಲ್ ಧ್ವನಿಯಿಂದ ಕೃತಕ ಸ್ಟೀರಿಯೋ ಮಾಡುವ ಬಗ್ಗೆ ಮ್ಯಾನ್‌ಫ್ರೆಡ್ ಶ್ರೋಡರ್ 1958ರಲ್ಲೇ ಬರೆದಿದ್ದರು. ಡಿಜಿಟಲ್ ರಿವರ್ಬಿನ ಅಡಿಪಾಯ ಹಾಕಿದವರೂ ಅವರೇ.

ಮನೆಯ ಹಜಾರದಲ್ಲಿ ಹತ್ತಿರದಿಂದ ಮುದ್ರಿಸಿದ ಗಾಯನಕ್ಕೆ ಇದು ಒಪ್ಪುತ್ತದೆ. ಪೆಂಡಾಲಿನ ಲೌಡ್‌ಸ್ಪೀಕರಿನ ಮುಂದೆ ಮೈಕಿಟ್ಟು ಹಿಡಿದದ್ದರಲ್ಲಿ ಈಗಾಗಲೇ ಬೇಕಾದಷ್ಟು ಮರುದನಿ ಇರುತ್ತದೆ. ಅದಕ್ಕೆ ಇನ್ನಷ್ಟು ಸುರಿಯದೆ ಮೊದಲಿನ ಸರಳ ತಡವನ್ನೇ ಬಳಸಿ.

ಜನಪ್ರಿಯವಾದರೂ ನಾನು ಒಪ್ಪದ ಎರಡು ದಾರಿ

ಯೂಟ್ಯೂಬಿನಲ್ಲಿ ಹೆಚ್ಚಾಗಿ ಹೇಳಿಕೊಡುವುದು ಹಾಸ್ ವಿಧಾನ: ಎರಡು ಪ್ರತಿ ಮಾಡಿ, ಒಂದನ್ನು ಎಡಕ್ಕೆ, ಇನ್ನೊಂದನ್ನು 15-20 ಮಿಲಿಸೆಕೆಂಡ್ ತಡಮಾಡಿ ಬಲಕ್ಕೆ ಹಾಕುವುದು. ಕೇಳಿದ ತಕ್ಷಣ ಅಗಲ ಎದ್ದು ಕಾಣುತ್ತದೆ ನಿಜ. ಆದರೆ ಹೆಲ್ಮುಟ್ ಹಾಸ್ 1949ರಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ತೋರಿಸಿಕೊಟ್ಟದ್ದೇ ಬೇರೆ. 5 ರಿಂದ 30 ಮಿಲಿಸೆಕೆಂಡ್ ತಡವಾಗಿ ಬಂದ ಸದ್ದು ಮೊದಲಿನದಕ್ಕಿಂತ ಸುಮಾರು 10 ಡೆಸಿಬೆಲ್ ಜೋರಾಗಿದ್ದರೂ ಕಿವಿ ದಿಕ್ಕನ್ನು ನಿರ್ಧರಿಸುವುದು ಮೊದಲು ಬಂದ ಸದ್ದಿನಿಂದ. ಹಾಗಾಗಿ ಇಡೀ ಕಛೇರಿ ಎಡಕ್ಕೆ ಜಾರುತ್ತದೆ. ಮೋನೋದಲ್ಲಿ ಕೂಡಿಸಿದರೆ 20 ಮಿಲಿಸೆಕೆಂಡ್ ತಡಕ್ಕೆ 25, 75, 125 ಹರ್ಟ್ಸ್ ಹೀಗೆ ಸಾಲುಸಾಲಾಗಿ ಸದ್ದು ಕಳೆದುಹೋಗಿ ಕಂಠ ಕೊಳವೆಯೊಳಗಿಂದ ಬಂದಂತಾಗುತ್ತದೆ.

ಎರಡನೆಯದು ಈಕ್ವಲೈಸರ್ ಸೀಳು. ಎಡಕ್ಕೆ ಕೆಲವು ಪಟ್ಟಿಗಳನ್ನು 3 ಡೆಸಿಬೆಲ್ ಏರಿಸಿ, ಬಲಕ್ಕೆ ಅವೇ ಪಟ್ಟಿಗಳನ್ನು 3 ಇಳಿಸಿ, ಮುಂದಿನ ಪಟ್ಟಿಗೆ ತಿರುಗುಮುರುಗು ಮಾಡುವುದು. ಮೋನೋಗೆ ಇದು ಹೆಚ್ಚು ಹಾನಿ ಮಾಡದು. ತೊಂದರೆ ನಮ್ಮ ಸಂಗೀತದ ಸ್ವಭಾವದಲ್ಲಿದೆ. ಹಾಡುಗಾರರೂ ಪಿಟೀಲೂ ಒಂದೇ ಸ್ಥಾಯಿಯಲ್ಲಿ, ಒಂದೇ ಸಂಗತಿಯನ್ನು ಹಿಂಬಾಲಿಸುತ್ತಾರೆ. ಪಟ್ಟಿಗಳನ್ನು ಎಷ್ಟು ಸೀಳಿದರೂ ಪಿಟೀಲು ಒಂದು ಬದಿಗೆ ಬರುವುದಿಲ್ಲ, ಗಮಕ ಏರಿಳಿದಂತೆ ಇಬ್ಬರೂ ಎಡಬಲಕ್ಕೆ ಅಲೆದಾಡುತ್ತಾರೆ. ಮಾಡಲೇಬೇಕೆಂದಿದ್ದರೆ ಪಟ್ಟಿಗಳು ಒಂದೊಂದೂ ಒಂದು ಸ್ಥಾಯಿಗಿಂತ ಅಗಲವಿರಲಿ.

ವಾದ್ಯಗಳನ್ನೇ ಬಿಡಿಸಿ ಕೂರಿಸುವುದು

ಡೀಜರ್ ಸಂಸ್ಥೆ 2019ರಲ್ಲಿ ಹೊರತಂದ ಸ್ಪ್ಲೀಟರ್, ಮೆಟಾದ ಡೆಮಕ್ಸ್ ಮುಂತಾದ ಉಚಿತ ಸಾಧನಗಳು ಒಂದು ಹಾಡನ್ನು ಕಂಠ, ಡ್ರಮ್ಸ್, ಬೇಸ್, ಇತರೆ ಎಂದು ನಾಲ್ಕು ಪಾಲು ಮಾಡುತ್ತವೆ. ಕಂಪ್ಯೂಟರಿಗೆ ಇಂಟೆಲ್‌ನ ಓಪನ್‌ವಿನೋ ಪ್ಲಗಿನ್ ಹಾಕಿಕೊಂಡರೆ ಆಡಾಸಿಟಿಯೊಳಗೇ ಈ ಕೆಲಸ ಆಗುತ್ತದೆ. ಇಲ್ಲಿ ಮಾತ್ರ ಒಂದೊಂದು ವಾದ್ಯಕ್ಕೆ ಒಂದೊಂದು ಜಾಗ ಕೊಡುವ ಅವಕಾಶ ನಿಜವಾಗಿ ಸಿಗುತ್ತದೆ.

ಆದರೆ ಇವು ಕಲಿತದ್ದು ಬಹುಪಾಲು ಪಾಶ್ಚಾತ್ಯ ಪಾಪ್, ರಾಕ್ ಹಾಡುಗಳಿಂದ. ಹಳೆಯ ಸಿನಿಮಾ ಗೀತೆಯಲ್ಲಿ ಕಂಠ ಸಾಕಷ್ಟು ಶುಚಿಯಾಗಿ ಬಿಡಿಸಿಕೊಂಡು ಬರುತ್ತದೆ. ಕಛೇರಿಯಲ್ಲಿ ಮೃದಂಗದ ಗುಂಕಾರ ಬೇಸ್‌ಗೆ, ಚಾಪು ಡ್ರಮ್ಸ್‌ಗೆ ಹಂಚಿಹೋಗಬಹುದು, ಪಿಟೀಲಿನ ತುಣುಕುಗಳು ಕಂಠದೊಳಗೆ ನುಸುಳಬಹುದು. ಒಂದೊಂದು ಪಾಲನ್ನು ಬಿಡಿಯಾಗಿ ಕೇಳಿದಾಗ ಸಿಗುವ ಈ ಗೀರುಗಳು ಎಲ್ಲವನ್ನೂ ಮತ್ತೆ ಕೂಡಿಸಿದಾಗ ಒಂದರಡಿ ಒಂದು ಅಡಗುತ್ತವೆ. ಆದ್ದರಿಂದ ಪಾಲುಗಳನ್ನು ದೂರ ದೂರ ಎಳೆಯಬೇಡಿ. ಕಂಠವನ್ನೂ ಬೇಸನ್ನೂ ನಡುವೆಯೇ ಬಿಟ್ಟು, ಉಳಿದವನ್ನು 25 ರಿಂದ 35 ಪ್ರತಿಶತ ಮಾತ್ರ ಪ್ಯಾನ್ ಮಾಡಿ.

ಯಾವ ಬದಿಗೆ? ಮೃದಂಗದ ಬಲಮುಖ ಸಭಿಕರ ಕಡೆಗೆ ಇರಬೇಕೆಂಬ ರೂಢಿಯಿಂದ ವಾದಕರು ಸಾಮಾನ್ಯವಾಗಿ ಸಭಿಕರ ಎಡಕ್ಕೆ, ಪಿಟೀಲು ಬಲಕ್ಕೆ. ವಾದಕರು ಎಡಚರಾದರೆ ಅದಲುಬದಲು. ಆ ಕಛೇರಿಯ ಹಳೆಯ ಫೋಟೋ ಮನೆಯಲ್ಲಿದ್ದರೆ ಅದನ್ನು ನೋಡಿಯೇ ಕೂರಿಸಿ. ಇತರೆ ಎಂಬ ಪಾಲಿನಲ್ಲಿ ಪಿಟೀಲೂ ತಂಬೂರಿಯೂ ಬೆರೆತಿದ್ದರೆ ಅದನ್ನು ಬಲಕ್ಕೆ ಒಯ್ಯುವುದಕ್ಕಿಂತ ಮೇಲಿನ ಮೂರು ಟ್ರ್ಯಾಕಿನ ಉಪಾಯವನ್ನು ಅದೊಂದಕ್ಕೆ ಮಾತ್ರ ಮಾಡುವುದು ಚೆನ್ನ. ಶ್ರುತಿ ಹಿಂದೆ ಹರಡಿಕೊಳ್ಳುತ್ತದೆ, ಕಂಠ ಮುಂದೆ ಒಂಟಿಯಾಗಿ, ಸ್ಪಷ್ಟವಾಗಿ ನಿಲ್ಲುತ್ತದೆ. ನನಗೆ ಇದರಷ್ಟು ತೃಪ್ತಿ ಕೊಟ್ಟ ಫಲಿತಾಂಶ ಬೇರಿಲ್ಲ.

ಕೇಳಿ ನೋಡಿ, ಆಮೇಲೆ ಉಳಿಸಿ

ಹೆಡ್‌ಫೋನಿನಲ್ಲಿ ಸರಿಹೊಂದಿಸಿದ್ದು ಸ್ಪೀಕರಿನಲ್ಲಿ ಬೇರೆಯೇ ಆಗಿ ಕೇಳುತ್ತದೆ, ಏಕೆಂದರೆ ಸ್ಪೀಕರಿನ ಎಡದ ಸದ್ದು ಬಲಗಿವಿಗೂ ಬೀಳುತ್ತದೆ. ಎರಡರಲ್ಲೂ ಕೇಳಿ. ಬಳಿಕ ಸಣ್ಣ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳಿ. ಅವುಗಳಲ್ಲಿ ಹಲವು ಎರಡೂ ಚಾನೆಲ್ಲನ್ನು ಒಂದಾಗಿಸಿಯೇ ನುಡಿಸುತ್ತವೆ, ಮನೆಯ ಹಿರಿಯರು ಬಹುತೇಕ ಕೇಳುವುದೂ ಅವುಗಳಲ್ಲೇ. ಕಂಪ್ಯೂಟರಿನಲ್ಲೇ ಪರೀಕ್ಷಿಸುವುದಾದರೆ ಟ್ರ್ಯಾಕ್ಸ್ ಮೆನುವಿನ ಮಿಕ್ಸ್ ವಿಭಾಗದಲ್ಲಿ ಮೂರನ್ನೂ ಬೆರೆಸಿ, ಮೋನೋಗೆ ಇಳಿಸಿ, ‘ಮೂಲ’ದೊಂದಿಗೆ ಹೋಲಿಸಿ ಕೇಳಿ. ಬಣ್ಣ ಬದಲಾಗಿದ್ದರೆ ‘ಬದಿ’ ಮತ್ತು ‘ತಿರುವು’ಗಳ ಗೇನು ಸಮವಿಲ್ಲ, ಇಲ್ಲವೇ ಒಂದಕ್ಕೆ ಹಾಕಿದ ಎಫೆಕ್ಟ್ ಇನ್ನೊಂದಕ್ಕೆ ಬಿದ್ದಿಲ್ಲ. ನೋಡಿಯಾದ ಮೇಲೆ ಅಂಡೂ ಮಾಡಿ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಹತ್ತು ನಿಮಿಷ ಕೇಳಿ, ನಡುವೆ ‘ಬದಿ’ ಮತ್ತು ‘ತಿರುವು’ಗಳನ್ನು ಮ್ಯೂಟ್ ಮಾಡಿ. ಕೋಣೆ ಕಿರಿದಾಯಿತು ಅನಿಸಿದರೆ ಪ್ರಮಾಣ ಸರಿಯಿದೆ. ಅಬ್ಬಾ, ಕಿವಿಗೆ ಸಮಾಧಾನವಾಯಿತು ಅನಿಸಿದರೆ ಎರಡರ ಗೇನನ್ನೂ ಇನ್ನೊಂದು 3 ಡೆಸಿಬೆಲ್ ಇಳಿಸಿ.

ಉಳಿಸುವಾಗ 24 ಬಿಟ್ ಫ್ಲ್ಯಾಕ್ ಅಥವಾ ವೇವ್ ಇರಲಿ, ಹಂಚಲು ಬೇಕಾದರೆ 192 ಕೆಬಿಪಿಎಸ್‌ಗಿಂತ ಕಡಿಮೆಯಲ್ಲದ ಎಂಪಿ3 ಬೇರೆ ಮಾಡಿ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ, ಫೈಲು ಇದ್ದಂತೆಯೇ ತಲುಪುತ್ತದೆ. ಮಾರುಕಟ್ಟೆಗೆ ಬಂದ ಧ್ವನಿಮುದ್ರಿಕೆಯಾದರೆ, ನಮ್ಮ ಕಾನೂನಿನಂತೆ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅಂಥದ್ದನ್ನು ನಿಮ್ಮ ಕೇಳ್ಮೆಗಷ್ಟೇ ಇಟ್ಟುಕೊಳ್ಳಿ. ಫೈಲಿನ ಹೆಸರಿನಲ್ಲಿ ಹಾಡುಗಾರರು, ಊರು, ವರ್ಷ ಬರೆದು ‘ಮೋನೋದಿಂದ ಅಗಲಿಸಿದ್ದು’ ಎಂದು ಸೇರಿಸಿ, ಮೊದಲು ಎತ್ತಿಟ್ಟ ಮೂಲ ಪ್ರತಿಯನ್ನೂ ಅದೇ ಫೋಲ್ಡರಿಗೆ ತಂದು ಇಡಿ.